ಪಕ್ಕದ ಹಾಸಿಗೆಯ ಜಿಮ್ನಾಸ್ಟ್

ಹೊಟ್ಟೆ ಕೆಟ್ಟದ್ದು ಒಂದು ಶುಕ್ರವಾರ. ಎರಡು ದಿನ ಗಂಜಿ ಕುಡಿದು ಮಲಗಿದೆ, ಸರಿಹೋಯಿತು. ಹೊಟ್ಟೆ ಕೆಟ್ಟು ಹತ್ತು ದಿನಕ್ಕೆ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ, ಎರಡೂ ಪಾದಗಳು ಜುಮ್ಮೆನ್ನಲು ಶುರುವಾದವು. ಕಾಲ ಮೇಲೆ ಕಾಲು ಹಾಕಿ ಕೂತಿದ್ದಕ್ಕಿರಬೇಕು ಎಂದುಕೊಂಡೆ. ಲಿಟಲ್ ಐಲ್ಯಾಂಡಿನ ಸ್ಟಾಪಿನಲ್ಲಿ ಇಳಿಯುವಾಗ ಬಲಗಾಲು ಮೆಟ್ಟಿಲಿಗೆ ಎಡವಿತು. ಹಿಂದಿದ್ದವರು ತೋಳು ಹಿಡಿದುಕೊಂಡರು. ನಾಚಿಕೆಯಾಗಿ ನಕ್ಕು ಮುಂದೆ ಹೋದೆ.

ಆಗ ನನಗೆ ನಲವತ್ತೊಂದು ವರ್ಷ. ತುಮಕೂರು ಬಿಟ್ಟು ಐರ್ಲೆಂಡಿನ ಕಾರ್ಕ್‌ಗೆ ಬಂದು ಹನ್ನೆರಡು ವರ್ಷವಾಗಿತ್ತು. ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ನನಗೆ ಕೆಲಸ. ಗಂಡ ರಘು ಸಾಫ್ಟ್‌ವೇರಿನಲ್ಲಿದ್ದಾರೆ. ಮಗಳು ಇಶಾನಿಗೆ ಆಗ ಹನ್ನೊಂದು. ಇಲ್ಲೇ ಹುಟ್ಟಿದವಳು. ನಾವು ಆಡುವ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಕಾರ್ಕ್‌ನ ರಾಗದ ಇಂಗ್ಲಿಷಿನಲ್ಲಿ ಬರುತ್ತದೆ.

ಮರುದಿನ ಲ್ಯಾಬಿನಲ್ಲಿ ಪಿಪೆಟ್ಟಿನ ಗುಂಡಿ ಒತ್ತಲು ಹೆಬ್ಬೆರಳಿಗೆ ಬಲ ಸಾಲಲಿಲ್ಲ. ಮನೆ ಹತ್ತಿರದ ಡಾಕ್ಟರು ನೋಡಿದರು. ವೈರಸ್ ಇರಬೇಕು, ರೆಸ್ಟ್ ತಗೊಳ್ಳಿ, ಯು ವಿಲ್ ಬಿ ಗ್ರ್ಯಾಂಡ್, ಎಲ್ಲ ಸರಿಹೋಗತ್ತೆ ಅಂದರು. ನಾನೂ ನಂಬಿದೆ. ನಂಬುವುದು ಸುಲಭವಿತ್ತು.

ಗುರುವಾರ ಬೆಳಿಗ್ಗೆ ಬಚ್ಚಲಿನಲ್ಲಿ ಕಮೋಡಿನಿಂದ ಏಳಲಾಗಲಿಲ್ಲ.

"ರೀ," ಎಂದು ಕೂಗಿದೆ. "ನಂಗೆ ಏಳಕ್ಕಾಗ್ತಿಲ್ಲ."

"ಸೊಂಟ ಹಿಡ್ಕೊಂಡಿದ್ಯೇನೇ?" ರಘು ಬಾಗಿಲಾಚೆಯಿಂದ ಕೇಳಿದರು.

"ಇಲ್ಲ. ಕಾಲೇ ಇಲ್ಲ ಅನ್ನಂಗಾಗಿದೆ."

ಅವರು ನಗುತ್ತಲೇ ಬಾಗಿಲು ತೆಗೆದರು. ನನ್ನ ಮುಖ ನೋಡಿ ನಗು ನಿಂತಿತು. ನನ್ನ ಬಾಯಿಯ ಒಂದು ಬದಿ ಆಗಲೇ ಜೋತುಬಿದ್ದಿತ್ತಂತೆ. ಅದು ನನಗೆ ಗೊತ್ತೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಎಮರ್ಜೆನ್ಸಿಯ ಓಣಿಯಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿದ ಟ್ರಾಲಿಗಳ ಸಾಲಿನಲ್ಲಿ, ಒಂದು ಹಗಲು ಪೂರ್ತಿ ಮಲಗಿದ್ದೆ. ಮುಂದಿನ ಟ್ರಾಲಿಯಲ್ಲಿ ಸೊಂಟ ಮುರಿದುಕೊಂಡ ಒಬ್ಬ ಅಜ್ಜಿ ಇದ್ದರು. ನನ್ನ ಕೈಗೆ ಲೋಟ ಹಿಡಿಯಲಾಗುತ್ತಿಲ್ಲ ಎಂದು ಅವರಿಗೆ ಕಂಡಿತು. ಓಣಿಯಲ್ಲಿ ಹೋಗುತ್ತಿದ್ದ ಪ್ರತಿಯೊಬ್ಬರನ್ನೂ ನಿಲ್ಲಿಸಿ, "ಆ ಹುಡುಗಿಗೆ ನೀರು ಕುಡಿಸಪ್ಪ" ಎನ್ನುತ್ತಿದ್ದರು. ನಲವತ್ತೊಂದರ ನಾನು ಅವರಿಗೆ ಹುಡುಗಿ. ಅವರ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಎಂದು ಈಗಲೂ ಅನ್ನಿಸುತ್ತದೆ.

ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿದ ಮೇಲೆ ಒಬ್ಬ ಡಾಕ್ಟರ್ ಬಂದು, ನಿಂತುಕೊಂಡೇ ಹೇಳದೆ, ಸ್ಟೂಲು ಎಳೆದು ಕೂತರು. ಅವರು ಕೂತದ್ದು ನೋಡಿಯೇ ನನಗೆ ಹೆದರಿಕೆಯಾಯಿತು. ಕಾಯಿಲೆಯ ಹೆಸರು ಗಿಲಾನ್ ಬಾರೆ. ನನ್ನ ದೇಹವೇ ನನ್ನ ನರಗಳನ್ನು ಶತ್ರುವೆಂದು ತಿಳಿದು ಹೊಡೆಯುತ್ತಿದೆ ಎಂದರು. "ಮೊದಲು ಹೆಚ್ಚಾಗತ್ತೆ. ಎಲ್ಲಿಯವರೆಗೆ ಅಂತ ಹೇಳಕ್ಕಾಗಲ್ಲ. ಆಮೇಲೆ ನಿಧಾನಕ್ಕೆ ವಾಪಸ್ ಬರತ್ತೆ."

"ನಿಧಾನ ಅಂದರೆ?" ರಘು ಕೇಳಿದರು.

"ತಿಂಗಳುಗಳು."

ಗಂಟೆಗೊಮ್ಮೆ ನರ್ಸ್ ಬಂದು, ಒಂದೇ ಉಸಿರಿನಲ್ಲಿ ಎಷ್ಟಾಗುತ್ತದೋ ಅಷ್ಟು ಎಣಿಸಿ ಎನ್ನುತ್ತಿದ್ದಳು. ಉಸಿರಾಟದ ಸ್ನಾಯುಗಳು ಎಷ್ಟು ಉಳಿದಿವೆ ಎಂದು ತಿಳಿಯಲು ಅದೊಂದು ಉಪಾಯ. ಆ ಹೊತ್ತಿಗೆ ಬಾಯಿಗೆ ಕನ್ನಡವೇ ಬರುತ್ತಿತ್ತು. ಮೊದಲ ಸಲ ಮೂವತ್ನಾಲ್ಕು. ಮಧ್ಯಾಹ್ನ ಇಪ್ಪತ್ತೆರಡು. ನರ್ಸಿಗೆ ಕನ್ನಡದ ಅಂಕಿ ಗೊತ್ತಿಲ್ಲ, ತನ್ನ ಬೆರಳು ಮಡಚಿ ಲೆಕ್ಕ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಕೂತ ರಘುಗೆ ಮಾತ್ರ ಪ್ರತಿ ಅಂಕಿಯೂ ತಿಳಿಯುತ್ತಿತ್ತು. ಸಂಜೆ ನಾನು ಒಂಬತ್ತಕ್ಕೆ ನಿಂತೆ. ರಘು ಎದ್ದು ಓಣಿಗೆ ಹೋದರು. ನಿದ್ದೆ ಬರಿಸಿ ಗಂಟಲಿಗೆ ಕೊಳವೆ ಹಾಕುತ್ತೇವೆ ಎಂದು ನನಗೆ ಹೇಳುವಾಗ ಅವರು ಇರಲಿಲ್ಲ. ನಂತರ ಅದಕ್ಕಾಗಿ ಬಹಳ ಸಲ ಕ್ಷಮೆ ಕೇಳಿದ್ದಾರೆ. ನಾನಾಗಿದ್ದರೂ ಎದ್ದು ಹೋಗುತ್ತಿದ್ದೆ.

ಐಸಿಯುನಲ್ಲಿ ಆರು ವಾರ ಇದ್ದೆ. ಎಚ್ಚರ ಇತ್ತು, ಕಿವಿ ಕೇಳಿಸುತ್ತಿತ್ತು, ಎಲ್ಲ ಅರ್ಥವಾಗುತ್ತಿತ್ತು. ಕಣ್ಣಿನ ರೆಪ್ಪೆಯೊಂದು ಬಿಟ್ಟು ಮೈಯಲ್ಲಿ ಏನೂ ಅಲ್ಲಾಡುತ್ತಿರಲಿಲ್ಲ. ಜೀವಂತ ಹೂತ ಹಾಗೆ ಎಂದು ಬರೆಯಬಹುದು, ಆದರೆ ಹೂತವರಿಗೆ ಮೂಗು ತುರಿಸುತ್ತದೆಯೋ ಇಲ್ಲವೋ ಗೊತ್ತಿಲ್ಲ. ನನಗೆ ತುರಿಸುತ್ತಿತ್ತು. ಒಂದು ಮಧ್ಯಾಹ್ನ ಎರಡು ಗಂಟೆ ಹೊತ್ತು, ಬಲಹೊಳ್ಳೆಯ ಪಕ್ಕ, ಒಂದೇ ಸಮನೆ. ಇಬ್ಬರು ನರ್ಸುಗಳು ನನ್ನ ಮೈಯ ಆಚೆ ಈಚೆ ನಿಂತು ಹಾಸು ಬದಲಿಸುತ್ತ ಯಾರದೋ ಮದುವೆಯ ಕಥೆ ಹೇಳಿಕೊಳ್ಳುತ್ತಿದ್ದರು. ಅವರು ಒಳ್ಳೆಯವರು. ನನ್ನನ್ನು ತಿರುಗಿಸುವ ಮುಂಚೆ "ಸಾರಿ, ಲವ್" ಎನ್ನದೆ ಮುಟ್ಟುತ್ತಿರಲಿಲ್ಲ. ಆದರೂ ಅವರ ಕೈ ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ ಓಡಾಡುತ್ತಿತ್ತು, ತುರಿಸಿ ಎಂದು ಬಾಯಿಬಿಟ್ಟು ಕೇಳಲು ನನಗಾಗುತ್ತಿರಲಿಲ್ಲ.

ರಘು ಒಂದು ರಟ್ಟಿನ ಮೇಲೆ ಕನ್ನಡ ವರ್ಣಮಾಲೆ ಬರೆದು ತಂದರು. ಅವರು ಅಕ್ಷರ ಓದುತ್ತ ಹೋಗುವುದು, ಬೇಕಾದ ಅಕ್ಷರಕ್ಕೆ ನಾನು ಕಣ್ಣು ಮುಚ್ಚುವುದು. ಅ, ಆ, ಇ, ಈ ಎಂದು ಶುರುಮಾಡಿ ಮ ಬರುವ ಹೊತ್ತಿಗೆ ಇಬ್ಬರಿಗೂ ಸಾಕಾಯಿತು. ಅದಕ್ಕೆ ಮತ್ತೆ ದೀರ್ಘದ ಕೊಂಬು ಕೊಡಬೇಕು. ಎರಡನೇ ದಿನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಸಲು ತೊಡಗಿದೆವು. ಎಂ, ಓ, ಓ, ಜಿ, ಯು.

"ಮೂಗಾ?" ಎಂದರು ರಘು. "ಮೂಗಿಗೇನಾಗಿದೆ? ಉಸಿರಾಟ ಕಷ್ಟ ಆಗ್ತಿದ್ಯಾ? ಡಾಕ್ಟರ್‌ನ ಕರೀಲಾ?"

ಅವರು ಕರೆದೂಬಿಟ್ಟರು. ಡಾಕ್ಟರ್ ಬಂದು ಮೆಷಿನ್ ನೋಡಿ, ಕೊಳವೆ ನೋಡಿ, ಎಲ್ಲ ಸರಿಯಾಗಿದೆ ಎಂದು ಹೋದರು. ಆಮೇಲೆ ಒಬ್ಬ ಹಿರಿಯ ನರ್ಸ್ ಸುಮ್ಮನೆ ಬಂದು ಒದ್ದೆ ಬಟ್ಟೆಯಿಂದ ನನ್ನ ಮೂಗು ಒರೆಸಿದಳು. ಆ ಸುಖ ನನಗೆ ಮಗಳು ಹುಟ್ಟಿದ ದಿನವೂ ಸಿಕ್ಕಿರಲಿಲ್ಲ.

ಇಶಾನಿ ಒಮ್ಮೆ ಬಂದಳು. ಬಾಗಿಲಲ್ಲೇ ನಿಂತಳು. ನನ್ನ ಮುಖದ ಸ್ನಾಯುಗಳೂ ಸತ್ತಿದ್ದರಿಂದ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಕಣ್ಣಿಂದ ನೀರು ಮಾತ್ರ ಇಳಿಯಿತು. ಅವಳು ಅಪ್ಪನ ಕಡೆ ತಿರುಗಿ, "ದಟ್ಸ್ ನಾಟ್ ಹರ್" ಅಂದಳು. ಅವರು ಅವಳನ್ನು ಹೊರಗೆ ಕರೆದುಕೊಂಡು ಹೋದರು. ಮುಂದಿನ ನಾಲ್ಕು ವಾರ ಅವಳು ಬರಲಿಲ್ಲ. ಅದು ತಪ್ಪಲ್ಲ ಎಂದು ಹೇಳಲು ನನಗೆ ದನಿಯಿರಲಿಲ್ಲ.

ಏಳನೇ ವಾರ ಉಸಿರಾಟ ನನ್ನದೇ ಆಯಿತು. ನನ್ನನ್ನು ಪುನಶ್ಚೇತನ ವಾರ್ಡಿಗೆ ತಂದರು. ಉಸಿರಿನ ಕೊಳವೆಗೆಂದು ಗಂಟಲಿನಲ್ಲಿ ಮಾಡಿದ್ದ ತೂತಿಗೆ ಒಂದು ಸಣ್ಣ ಮುಚ್ಚಳ ಹಾಕಿ ದಿನಕ್ಕೆ ಕೆಲವು ಗಂಟೆ ಮಾತಾಡಲು ಬಿಡುತ್ತಿದ್ದರು. ದನಿ ಗಾಳಿಯಂತೆ ಬರುತ್ತಿತ್ತು. ಮೊದಲ ಬೆಳಿಗ್ಗೆ ಅರೆ ಮಂಪರಿನಲ್ಲಿದ್ದಾಗ ಯಾರೋ "ತಾಯಿ, ತಾಯಿ" ಎಂದು ಕರೆದಂತಾಯಿತು. ಇಲ್ಲಿ ಕನ್ನಡದವರು ಯಾರಪ್ಪ ಎಂದು ಕತ್ತು ಹೊರಳಿಸಿದೆ. ನರ್ಸು ಕರೆಯುತ್ತಿದ್ದದ್ದು ಪಕ್ಕದ ಹಾಸಿಗೆಯ ಹುಡುಗಿಯನ್ನು. ಅವಳ ಹೆಸರು ತಾಯಾ.

ಇಪ್ಪತ್ತೊಂದು ವರ್ಷದವಳು, ರಷ್ಯಾದವಳು. ಎದೆಯಿಂದ ಸೊಂಟದವರೆಗೆ ಬಿಳಿ ಪ್ಲಾಸ್ಟಿಕ್ಕಿನ ಕವಚ ತೊಟ್ಟು ಅಂಗಾತ ಮಲಗಿದ್ದಳು. ಸಣ್ಣ ಆಳು. ಅಂಗೈ ಮಾತ್ರ ಕಲ್ಲು ಒಡೆಯುವವರದಂತೆ ದಪ್ಪ ಚರ್ಮದ್ದು. ಬಂದವರೆಲ್ಲ ನನ್ನನ್ನು ಹೇಗಿದ್ದೀರಿ ಎಂದು ಕೇಳುತ್ತಿದ್ದರು. ಅವಳು ಕೇಳಿದ್ದು ಬೇರೆ.

"ಏನೇನು ಅಲ್ಲಾಡತ್ತೆ ನಿನಗೆ?"

ಅವಳದು ತುಂಡು ತುಂಡು ಇಂಗ್ಲಿಷ್. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಆದರೆ ಅವಳ ಧಾಟಿ ಮಾತ್ರ "ನೀನು" ಎನ್ನುವಂತೆಯೇ ಇತ್ತು, ಹಾಗಾಗಿ ಹಾಗೇ ಬರೆಯುತ್ತಿದ್ದೇನೆ.

"ಕತ್ತು. ಭುಜ ಸ್ವಲ್ಪ. ಎಡಗೈ ಹೆಬ್ಬೆರಳು," ಎಂದೆ.

"ತೋರಿಸು."

ತೋರಿಸಿದೆ. ಅವಳು ಗಂಭೀರವಾಗಿ ನೋಡಿದಳು. "ಸರಿ. ಹೆಬ್ಬೆರಳು ಇದ್ದರೆ ಶುರು ಮಾಡಬಹುದು."

ಮಧ್ಯಾಹ್ನ ಎರಡರಿಂದ ನಾಲ್ಕು ವಾರ್ಡು ಶಾಂತವಾಗಿರುತ್ತಿತ್ತು. ಇಬ್ಬರೂ ಚಾವಣಿ ನೋಡುತ್ತ ಮಲಗಿದ ಆ ಹೊತ್ತಿನಲ್ಲಿ, ದಿನಕ್ಕಿಷ್ಟರಂತೆ, ಅವಳು ತನ್ನ ಕಥೆ ಹೇಳಿದಳು. ವೋಲ್ಗಾ ನದಿ ದಂಡೆಯ ಒಂದು ಊರಿನವಳು. ನಾಲ್ಕು ವರ್ಷದವಳಿದ್ದಾಗ ಬೀರುವಿನ ಮೇಲಿಂದ ಹಾರಿ ಹಾರಿ ಮಂಚ ಮುರಿದಳಂತೆ. ಇವಳನ್ನು ಎಲ್ಲಿಯಾದರೂ ದಣಿಸಿ ತರಬೇಕೆಂದು ಅಜ್ಜಿ ಜಿಮ್ನಾಸ್ಟಿಕ್ಸ್ ಶಾಲೆಗೆ ಕರೆದೊಯ್ದರು. ಅಲ್ಲಿನ ಕೋಚು ಅವಳ ಕಾಲ್ಬೆರಳು ಹಿಡಿದು ಬಗ್ಗಿಸಿ ನೋಡಿ, ಇವಳನ್ನು ಬಿಟ್ಟು ಹೋಗಿ ಎಂದರು. ಏಳನೇ ವಯಸ್ಸಿಗೆ ಹಾಸ್ಟೆಲ್ಲು. ಅಮ್ಮನನ್ನು ನೋಡುತ್ತಿದ್ದದ್ದು ವರ್ಷಕ್ಕೆ ಎರಡು ಸಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೂಕ. ಇನ್ನೂರು ಗ್ರಾಂ ಹೆಚ್ಚಾದರೆ ಬ್ರೆಡ್ಡಿಲ್ಲ.

"ಜ್ವರ ಬಂದರೆ?" ಎಂದೆ.

"ಜ್ವರ ಬಂದರೆ ಬಾರ್‌ಗೆ ಜೋತಾಡೋದಿಲ್ಲ. ಹೊಟ್ಟೆಯ ವ್ಯಾಯಾಮ ಮಾತ್ರ."

ಅವಳ ಆಟ ಬೀಮ್. ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಅಂಗೈಯಷ್ಟೇ ಅಗಲದ ಉದ್ದನೆಯ ದಿಂಡು. ಅದರ ಮೇಲೆ ತೊಂಬತ್ತು ಸೆಕೆಂಡು ಪಲ್ಟಿ ಹೊಡೆದು ಬೀಳದೆ ಇಳಿಯಬೇಕು. ಹದಿನೈದನೇ ವಯಸ್ಸಿಗೆ ಕಿರಿಯರ ವಿಭಾಗದಲ್ಲಿ ದೇಶಕ್ಕೇ ಎರಡನೆಯವಳಾದಳು. ದೊಡ್ಡವರ ತಂಡಕ್ಕೆ ಸೇರುವ ವಯಸ್ಸು ಬರುವ ಹೊತ್ತಿಗೆ ಯುದ್ಧ ಶುರುವಾಯಿತು. ರಷ್ಯಾದವರು ಹೊರಗಿನ ಸ್ಪರ್ಧೆಗಳಿಗೆ ಬರುವಂತಿಲ್ಲ ಎಂದಾಯಿತು.

"ತಯಾರಾಗಿರಿ ಅಂದರು. ಯಾವುದಕ್ಕೆ ಅಂತ ಹೇಳಲಿಲ್ಲ. ದಿನಕ್ಕೆ ಏಳು ಗಂಟೆ ತಯಾರಾದೆ. ಎರಡು ವರ್ಷ." ಅಂಗೈಯ ದಪ್ಪ ಚರ್ಮವನ್ನು ಉಗುರಿನಿಂದ ಕೆರೆಯುತ್ತ, "ನನ್ನ ಕಷ್ಟ ಸಣ್ಣದು. ನನಗೆ ಗೊತ್ತು," ಎಂದಳು.

ನಮ್ಮ ವಾರ್ಡಿಗೆ ಚಹಾ ತರುತ್ತಿದ್ದ ಹೆಂಗಸು ಉಕ್ರೇನಿನಿಂದ ಬಂದವಳು. ತಾಯಾಳ ಜೊತೆ ಅವಳು ಒಂದು ಮಾತನ್ನೂ ಆಡುತ್ತಿರಲಿಲ್ಲ. ಆದರೆ ಕವಚ ತೊಟ್ಟವಳ ಕೈಗೆ ಎಟುಕುವಂತೆ ಲೋಟವನ್ನು ಮೇಜಿನ ಅಂಚಿಗೆ ಸರಿಸಿಯೇ ಹೋಗುತ್ತಿದ್ದಳು. ತಾಯಾ ಅವಳು ಹೋಗುವವರೆಗೆ ಕಣ್ಣೆತ್ತುತ್ತಿರಲಿಲ್ಲ.

ಆ ಎರಡು ವರ್ಷದಲ್ಲಿ ಅವಳು ಒಮ್ಮೆಲೇ ನಾಲ್ಕು ಇಂಚು ಬೆಳೆದಳು. ಕಲಿತ ಪಲ್ಟಿಗಳ ಲೆಕ್ಕವೆಲ್ಲ ತಪ್ಪಿತು. ಬೆನ್ನು ನೋವು ಶುರುವಾಯಿತು. ಮಾತ್ರೆ ನುಂಗಿ ಮುಚ್ಚಿಟ್ಟಳು. ಅವಳ ಜಾಗಕ್ಕೆ ಹದಿನಾಲ್ಕರ ಹುಡುಗಿಯೊಬ್ಬಳು ಬಂದಳು. ಅಷ್ಟರಲ್ಲಿ ಅವಳಮ್ಮ ಒಬ್ಬ ಐರಿಷ್ ಮನುಷ್ಯನನ್ನು ಮದುವೆಯಾಗಿ ಕಾರ್ಕ್‌ನಲ್ಲಿದ್ದರು. ಹತ್ತೊಂಬತ್ತಕ್ಕೆ ಇವಳೂ ಇಲ್ಲಿಗೆ ಬಂದು ಒಂದು ಕ್ಲಬ್ಬಿನಲ್ಲಿ ಮಕ್ಕಳಿಗೆ ಕಲಿಸತೊಡಗಿದಳು. ಆಮೇಲೆ ಊರಿನಿಂದ ಹಳೆಯ ಕೋಚ್ ಫೋನು ಮಾಡಿದರು. ಧ್ವಜವಿಲ್ಲದೆ, ದೇಶದ ಹೆಸರಿಲ್ಲದೆ ಸ್ಪರ್ಧೆಗೆ ಹೋಗಬಹುದಂತೆ, ಬರುತ್ತೀಯಾ ಎಂದರು. ಅಂದಿನಿಂದ ಮಕ್ಕಳು ಮನೆಗೆ ಹೋದ ಮೇಲೆ ಅವಳೊಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ಬಾರಿನಿಂದ ಇಳಿಯುವಾಗ ಒಂದು ದಿನ ಬೆನ್ನಿನೊಳಗೆ ಏನೋ ಜಾರಿತು. ಎಲುಬಿನಲ್ಲಿ ಹಳೆಯ ಬಿರುಕು ಇದ್ದೇ ಇತ್ತು. ಆಪರೇಷನ್ ಮಾಡಿ ರಾಡು ಹಾಕಿದರು. ಎಡಪಾದ ಮೇಲಕ್ಕೇಳುತ್ತಿರಲಿಲ್ಲ.

"ಆದರೆ ವಾಪಸ್ ಹೋಗ್ತೀನಿ," ಎಂದಳು. "ಮುಂದಿನ ತಿಂಗಳು ಸರ್ಜನ್ ಹೇಳ್ತಾರೆ."

ದಿನಾ ಒಂದು ಹೊತ್ತು ಅವಳು ಕಣ್ಣು ಮುಚ್ಚಿ ಮಲಗುತ್ತಿದ್ದಳು. ಬೆರಳುಗಳು ಮಾತ್ರ ಸಣ್ಣಗೆ ಕದಲುತ್ತಿದ್ದವು. ಸುಮಾರು ಒಂದೂವರೆ ನಿಮಿಷಕ್ಕೆ ಕಣ್ಣು ತೆರೆಯುತ್ತಿದ್ದಳು, ಏದುಸಿರು ಬಿಡುತ್ತ. ಏನು ಮಾಡುತ್ತೀಯ ಎಂದು ಕೇಳಿದೆ.

"ಬೀಮ್. ತಲೆಯೊಳಗೆ. ಒಂದೂ ಹೆಜ್ಜೆ ಬಿಡಬಾರದು. ಬಿಟ್ಟರೆ ಮೊದಲಿಂದ. ನೀನೂ ಮಾಡು. ಕೈಗೆ ಚೆನ್ನಾಗಿ ಗೊತ್ತಿರೋ ಕೆಲಸ ಒಂದು ಹೇಳು."

ಯೋಚಿಸಿದೆ. "ಮಗಳಿಗೆ ಜಡೆ ಹಾಕೋದು."

"ಮಾಡು ಹಾಗಾದರೆ."

ಮಾಡಿದೆ. ಕಣ್ಣು ಮುಚ್ಚಿ ಇಶಾನಿಯನ್ನು ಮುಂದೆ ಕೂರಿಸಿಕೊಂಡು, ಬೈತಲೆ ತೆಗೆದು, ಮೂರು ಕಾಲು ಮಾಡಿ, ಬಲದ್ದು ನಡುವಿಗೆ, ಎಡದ್ದು ನಡುವಿಗೆ. ಮೊದಮೊದಲು ಅರ್ಧದಲ್ಲೇ ದಣಿದು ನಿಲ್ಲುತ್ತಿದ್ದೆ. ಎರಡು ವಾರಕ್ಕೆ ರಬ್ಬರ್ ಬ್ಯಾಂಡಿನವರೆಗೆ ಹೋದೆ. ಅದೇ ವಾರ ತೋರುಬೆರಳು ಅಲ್ಲಾಡಿತು. ನಮ್ಮ ಫಿಜಿಯೋ ನೊರೀನ್, ಅದು ಹೇಗೂ ಬರುವ ಸಮಯವೇ ಆಗಿತ್ತು ಎಂದಳು. ಇರಬಹುದು. ನಾನು ತಾಯಾಳಿಗೆ ಹೇಳಿದೆ, ಅವಳು ತಲೆಯಾಡಿಸಿದಳು.

ಆ ಭಾನುವಾರ ಇಶಾನಿ ಬಂದಳು. ಹಾಸಿಗೆಯವರೆಗೂ ಬಂದಳು. ಅವಳ ಕೂದಲು ಕಿವಿಯವರೆಗೆ ಕತ್ತರಿಸಿತ್ತು.

ನಾನು ನೋಡುತ್ತಲೇ ಇದ್ದೆ. ರಘು ತಲೆ ತಗ್ಗಿಸಿದರು. "ನಂಗೆ ಜಡೆ ಹಾಕಕ್ಕೆ ಬರಲ್ಲ ಕಣೇ. ದಿನಾ ಬೆಳಿಗ್ಗೆ ಅದಕ್ಕೇ ಇಬ್ರೂ ಜಗಳ ಆಡ್ತಿದ್ವಿ. ಅವಳೇ ಕೇಳಿದ್ಲು."

"ಇಟ್ಸ್ ಗ್ರ್ಯಾಂಡ್, ಅಮ್ಮ," ಎಂದಳು ಇಶಾನಿ. ಶಾಲೆಯ ಆಟಕ್ಕೆ ಹೆಲ್ಮೆಟ್ ಹಾಕಲು ಇದೇ ಸುಲಭ ಎಂದಳು. ಆಮೇಲೆ ನನ್ನ ಗಂಟಲಿನ ಮುಚ್ಚಳ ನೋಡಿ, ಅದು ನೋಯುತ್ತದಾ ಎಂದು ಕೇಳಿದಳು. ಇಲ್ಲ ಎಂದೆ. ಅವಳು ನನ್ನ ಹಣೆಯ ಮೇಲೆ ಎರಡು ಬೆರಳಿಟ್ಟು ತೆಗೆದಳು, ಬಿಸಿ ಇದೆಯೋ ಎಂದು ಪಾತ್ರೆ ಮುಟ್ಟಿ ನೋಡುವ ಹಾಗೆ.

ಅವರು ಹೋದ ಮೇಲೆ ತುಂಬ ಹೊತ್ತು ಅತ್ತೆ. ಕಣ್ಣೀರು ಒರೆಸಿಕೊಳ್ಳಲು ಕೈ ಮೇಲೇಳದು. ಅದು ಕಿವಿಯೊಳಗೆ ಇಳಿಯಿತು.

"ಇನ್ನು ಯಾಕೆ ಮಾಡಲಿ ಅದನ್ನ," ಎಂದೆ.

ತಾಯಾ ಚಾವಣಿ ನೋಡುತ್ತಲೇ ಹೇಳಿದಳು. "ಕೂದಲು ಕತ್ತರಿಸಿದ್ದು ನಿನ್ನ ನರಕ್ಕೆ ಗೊತ್ತಿಲ್ಲ. ಮಾಡು."

ಮಾಡಿದೆ.

ಮೂರನೇ ತಿಂಗಳು ನನ್ನನ್ನು ಓರೆ ಮೇಜಿಗೆ ಹಾಕಿದರು. ಮಲಗಿಸಿ, ಎದೆ, ಸೊಂಟ, ಮೊಣಕಾಲಿಗೆ ಬೆಲ್ಟು ಬಿಗಿದು, ಮೇಜನ್ನೇ ನಿಧಾನವಾಗಿ ನೆಟ್ಟಗೆ ನಿಲ್ಲಿಸುತ್ತಾರೆ. ಮೈಗೆ ನಿಲ್ಲುವುದು ಮರೆತುಹೋಗಿರುತ್ತದೆ. ಮೊದಲ ದಿನ ಕಣ್ಣು ಕತ್ತಲಾಯಿತು. ಎರಡನೇ ದಿನ ವಾಂತಿ ಮಾಡಿದೆ, ಕಟ್ಟಿಹಾಕಿದ ಸ್ಥಿತಿಯಲ್ಲೇ, ಎದೆಯ ಮೇಲೆ. ಮೂರನೇ ದಿನ ಬರುವುದಿಲ್ಲ ಎಂದೆ. ನೊರೀನ್ ಪುಸಲಾಯಿಸಿದಳು. ನಾಳೆಯೂ ಬರುವುದಿಲ್ಲ ಎಂದೆ. ಇದೇ ಹಾಸಿಗೆ, ಇದೇ ಕಿಟಕಿ, ಕಿಟಕಿಯಲ್ಲಿ ಕಾರ್ ಪಾರ್ಕಿನ ಅದೇ ಗೋಡೆ. ಇಲ್ಲಿಂದ ಹೊರಗೆ ದಾರಿಯೇ ಇಲ್ಲ ಎಂದು ಅಂದು ನಿಜವಾಗಿ ನಂಬಿದ್ದೆ.

ಆ ಹೊತ್ತಿಗೆ ತಾಯಾ ಕವಚ ತೊಟ್ಟು ವಾಕರ್ ಹಿಡಿದು ನಡೆಯುತ್ತಿದ್ದಳು. ನನ್ನ ಹಾಸಿಗೆಯ ಕಾಲುಬದಿಗೆ ಬಂದು ನಿಂತಳು.

"ನಿನಗೆ ಬೇಕಾಗಿರೋದು ಅಡುಗೆಮನೆವರೆಗೆ ನಡೆಯೋದು. ಅಷ್ಟೇ. ಅಷ್ಟಕ್ಕೂ ಎದ್ದೇಳಲ್ವಾ?"

"ಅಷ್ಟೇ ಅನ್ನಬೇಡ."

"ನನಗೆ ಎಷ್ಟು ದೂರ ಹೋಗಬೇಕು ಗೊತ್ತಾ ನಿನಗೆ?"

ನಾನು ಹೇಳಬಾರದಿತ್ತು. ಹೇಳಿಬಿಟ್ಟೆ. "ನನಗೆ ವಾಪಸ್ ಹೋಗಕ್ಕೆ ಮನೆ ಇದೆ. ನಿನಗೇನಿದೆ, ಆ ದಿಂಡು ಬಿಟ್ಟರೆ?"

ಅವಳು ವಾಕರ್ ತಿರುಗಿಸಿಕೊಂಡು ತನ್ನ ಹಾಸಿಗೆಗೆ ಹೋದಳು. ಒಂದೊಂದೇ ಹೆಜ್ಜೆ, ಎಡಪಾದ ನೆಲಕ್ಕೆ ತಟ್ಟುವ ಸದ್ದು.

ಮರುದಿನ ಬೆಳಿಗ್ಗೆ ಸರ್ಜನ್ ಬಂದು ಅವಳ ಸುತ್ತ ಪರದೆ ಎಳೆದರು. ಆಸ್ಪತ್ರೆಯ ಪರದೆ ಕಣ್ಣಿಗೆ ಮಾತ್ರ. ಕಿವಿಗೆ ಎಲ್ಲ ಕೇಳುತ್ತದೆ. ಅವರು ಸಮಾಧಾನದಿಂದ, ಒಳ್ಳೆಯ ಮಾತಿನಲ್ಲಿ ಹೇಳಿದರು. ನಡೆಯಬಹುದು, ಈಜಬಹುದು, ಮುಂದೆ ಮಕ್ಕಳಾಗಬಹುದು. ಜಿಮ್ನಾಸ್ಟಿಕ್ಸ್ ಇಲ್ಲ. ಅವಳು ಒಂದೇ ಪ್ರಶ್ನೆ ಕೇಳಿದಳು. "ಬೀಮ್ ಮಾತ್ರ?" ಅವರು ಅದೂ ಇಲ್ಲ ಎಂದರು. ಹೋಗುವಾಗ ಪರದೆ ಸರಿಸಲು ಹೋದರು. ಬೇಡ ಎಂದಳು.

ಮಧ್ಯಾಹ್ನ ಅವಳಮ್ಮ ಬಂದು ಪರದೆಯೊಳಗೆ ಒಂದು ಗಂಟೆ ಕೂತರು. ಏನೂ ಮಾತು ಕೇಳಿಸಲಿಲ್ಲ. ಹೊರಗೆ ಬಂದವರು ನನ್ನನ್ನು ನೋಡಿ, ಏನೋ ಕೇಳಬೇಕೆಂಬಂತೆ ನಿಂತು, ಹೊರಟುಹೋದರು. ಏಳನೇ ವಯಸ್ಸಿನಿಂದ ಬೇರೆಯವರು ಬೆಳೆಸಿದ ಮಗಳ ಹತ್ತಿರ ಏನು ಹೇಳಬೇಕೆಂದು ಅವರಿಗೆ ತಿಳಿದಿರಲಿಲ್ಲ ಎಂದು ಕಾಣುತ್ತದೆ.

ಎರಡು ದಿನ ಪರದೆ ಮುಚ್ಚಿಯೇ ಇತ್ತು. ಊಟದ ತಟ್ಟೆ ಹೋದಂತೆಯೇ ವಾಪಸ್ಸು ಬರುತ್ತಿತ್ತು. ನಮ್ಮ ನಡುವೆ ನಾಲ್ಕು ಅಡಿ. ಕಾಲಿದ್ದವರಿಗೆ ಎರಡು ಹೆಜ್ಜೆ. ನಾನು ಎದ್ದು ಹೋಗಿ ಅವಳ ತಲೆ ಸವರುವಂತಿಲ್ಲ, ಕೈ ಚಾಚಿ ಪರದೆ ಸರಿಸುವಂತಿಲ್ಲ. ಈ ಕಾಯಿಲೆಯಲ್ಲಿ ನಾನು ಅತಿ ಹೆಚ್ಚು ಸಿಕ್ಕಿಹಾಕಿಕೊಂಡದ್ದು ಯಾವಾಗ ಎಂದು ಯಾರಾದರೂ ಕೇಳಿದರೆ, ಐಸಿಯು ಅನ್ನುವುದಿಲ್ಲ, ಆ ಎರಡು ದಿನ ಎನ್ನುತ್ತೇನೆ.

ಎರಡನೇ ದಿನ ಮಧ್ಯಾಹ್ನ ಮಾತಾಡತೊಡಗಿದೆ. ಇಂಗ್ಲಿಷಿನಲ್ಲಿ ಸಮಾಧಾನದ ಮಾತುಗಳನ್ನೆಲ್ಲ ಅವಳು ಆಗಲೇ ಕೇಳಿದ್ದಳು. ನನಗೆ ಕನ್ನಡವೇ ಬಂತು. ಒಂದುಸಿರಿಗೆ ನಾಲ್ಕು ಮಾತು, ಮತ್ತೆ ನಿಲ್ಲಿಸಿ ಇನ್ನು ನಾಲ್ಕು.

"ತಪ್ಪಾಯ್ತು ಕಣೇ. ಹಂಗನ್ನಬಾರದಿತ್ತು ನಾನು. ನಿಂಗೆ ಅರ್ಥ ಆಗಲ್ಲ, ಇರಲಿ. ಸುಮ್ನೆ ಕೇಳಿಸ್ಕೋ. ನಾನು ಏಳನೇ ಕ್ಲಾಸಲ್ಲಿ ಖೋಖೋ ಆಡ್ತಿದ್ದೆ ಕಣೇ. ಜಿಲ್ಲಾ ಮಟ್ಟಕ್ಕೆ ಹೋಗಿದ್ದೆ. ಮೊದಲನೇ ಆಟದಲ್ಲೇ ಸೋತ್ವಿ. ಬಸ್ಸಲ್ಲಿ ಎಲ್ರೂ ಅತ್ವಿ. ಮಾರನೇ ದಿನ ಗಣಿತದ ಟೆಸ್ಟ್ ಇತ್ತು, ಮರೆತುಹೋಯ್ತು. ನಿಂಗೆ ಮಾರನೇ ದಿನವೇ ಕೊಟ್ಟಿಲ್ಲ ಇವರು. ಏನ್ ಮಾಡ್ತೀಯ ಕಣೇ ಈಗ."

ಹೀಗೇ ಏನೇನೋ. ನಮ್ಮಮ್ಮ ನನಗೆ ಹೆಸರಿಟ್ಟದ್ದು, ಇಶಾನಿ ಹುಟ್ಟುವಾಗ ರಘು ದಾರಿ ತಪ್ಪಿ ಬೇರೆ ಆಸ್ಪತ್ರೆಗೆ ಕಾರು ಓಡಿಸಿದ್ದು, ನೆತ್ತಿಗೇರಬಾರದೆಂದು ತಿಳಿಸಾರಿಗೆ ಗಟ್ಟಿಮಾಡುವ ಪುಡಿ ಬೆರೆಸಿ ನನಗೆ ಚಮಚದಲ್ಲಿ ತಿನ್ನಿಸಿದ್ದು. ಗಂಟಲು ಒಣಗಿತು. ಮುಚ್ಚಳ ತೆಗೆಯುವ ಸಮಯವಾಯಿತೆಂದು ನರ್ಸ್ ಬಂದಳು. ಇನ್ನೈದು ನಿಮಿಷ ಎಂದೆ.

ಆಗ ಪರದೆಯ ಒಳಗಿಂದ ದನಿ ಬಂತು. "ಕಣೇ ಅಂದರೆ ಏನು? ಪ್ರತಿ ಮಾತಿಗೂ ಹೇಳ್ತೀಯ."

"ಅರ್ಥ ಇಲ್ಲ ಅದಕ್ಕೆ," ಎಂದೆ. "ನಮ್ಮವಳು ಅನ್ನಿಸಿದ ಹುಡುಗಿಗೆ ಮಾತ್ರ ಅಂತೀವಿ."

ಪರದೆಯ ಬಳೆಗಳು ಕಂಬಿಯ ಮೇಲೆ ಜಾರಿದವು. ಅವಳ ಮುಖ ಊದಿಕೊಂಡಿತ್ತು. ಮೇಜಿನ ಮೇಲಿದ್ದ ಎರಡು ತಣ್ಣಗಿನ ಟೋಸ್ಟುಗಳನ್ನು ಎತ್ತಿಕೊಂಡು ತಿನ್ನತೊಡಗಿದಳು. ಎರಡನ್ನೂ ತಿಂದಳು. ನರ್ಸ್ ಇನ್ನೆರಡು ತಂದುಕೊಟ್ಟಳು.

ಮರುದಿನ ನಾನು ಓರೆ ಮೇಜಿಗೆ ಹೋದೆ. ಆ ತಿಂಗಳ ಕೊನೆಗೆ ಎರಡು ಕಂಬಿಗಳ ನಡುವೆ, ನೊರೀನ್ ಸೊಂಟ ಹಿಡಿದಿರುವಾಗ, ನನ್ನ ಕಾಲ ಮೇಲೆ ಎಂಟು ಸೆಕೆಂಡು ನಿಂತೆ. ತಾಯಾ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. "ಮೊಣಕಾಲು ಕೆಟ್ಟದಾಗಿದೆ. ತಲೆ ತಗ್ಗಿತ್ತು. ಆದರೆ ನಿಂತೆ," ಎಂದಳು.

ಅವಳು ನನಗಿಂತ ಒಂಬತ್ತು ವಾರ ಮುಂಚೆ ಮನೆಗೆ ಹೋದಳು. ಆ ಒಂಬತ್ತು ವಾರ ಉದ್ದವಾಗಿದ್ದವು. ಅವಳ ಹಾಸಿಗೆಗೆ ಬಂದವರು ಟಿವಿ ನೋಡುತ್ತಿದ್ದರು, ನಾನು ಗೋಡೆ ನೋಡುತ್ತಿದ್ದೆ. ಏಳು ತಿಂಗಳು ತುಂಬಿದ ಮೇಲೆ ನಾನೂ ಮನೆಗೆ ಬಂದೆ. ಮನೆಗೆ ಬಂದರೆ ಬಿಡುಗಡೆ ಎಂದುಕೊಂಡಿದ್ದೆ. ಮಹಡಿ ಹತ್ತಲಾಗದೆ ನಡುಮನೆಯಲ್ಲೇ ಹಾಸಿಗೆ ಹಾಕಿದ್ದರು, ಐದು ತಿಂಗಳು ಅದೇ ನನ್ನ ಲೋಕವಾಯಿತು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈಗ ಅಂಥ ಹಾಸಿಗೆಯಲ್ಲಿದ್ದರೆ, ಮನೆಗೆ ಬಂದ ಮೇಲೂ ಸಂತೋಷವಾಗುತ್ತಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಳ್ಳಬೇಡಿ. ನನಗೂ ಆಗಲಿಲ್ಲ. ತಡವಾಗಿ ಆಯಿತು, ಅದೂ ಕಂತಿನಲ್ಲಿ.

ಈಗ ಎರಡು ವರ್ಷ ಕಳೆದಿದೆ. ವಾರಕ್ಕೆ ಮೂರು ದಿನ ಲ್ಯಾಬಿಗೆ ಹೋಗುತ್ತೇನೆ. ಮಧ್ಯಾಹ್ನಕ್ಕೆ ಬ್ಯಾಟರಿ ಮುಗಿದಂತೆ ಸುಸ್ತಾಗುತ್ತದೆ. ಪಾದಗಳು ಇನ್ನೂ ಪೂರ್ತಿ ನನ್ನವಾಗಿಲ್ಲ. ತಾಯಾ ತನ್ನ ಕೋಚಿಗೆ ಉತ್ತರ ಕೊಡಲಿಲ್ಲ, ಕ್ಲಬ್ಬಿಗೂ ಹೋಗುತ್ತಿಲ್ಲ. ಏಳನೇ ವಯಸ್ಸಿನಿಂದ ಸರಿಯಾದ ಶಾಲೆಯೇ ಇರದಿದ್ದವಳು ಈಗ ದೊಡ್ಡವರ ತರಗತಿಗೆ ಸೇರಿ ಗಣಿತವನ್ನು ಮೊದಲಿನಿಂದ ಕಲಿಯುತ್ತಿದ್ದಾಳೆ. ಶನಿವಾರ ನಮ್ಮ ಮನೆಗೆ ಬಂದು ಇಶಾನಿಯ ಜೊತೆ ಒಂದೇ ಮೇಜಿನಲ್ಲಿ ಭಿನ್ನರಾಶಿ ಮಾಡುತ್ತಾಳೆ. ಇಶಾನಿ ಬೇಗ ಮುಗಿಸುತ್ತಾಳೆ, ಇವಳಿಗೆ ಸಿಟ್ಟು ಬರುತ್ತದೆ. ಕೆಲವು ಶನಿವಾರ ಬರುವುದೇ ಇಲ್ಲ. ಹಾಸಿಗೆಯಿಂದ ಏಳಲಿಲ್ಲ ಎಂದು ಮೆಸೇಜು ಬರುತ್ತದೆ. ಸರಿ ಎಂದು ಬರೆಯುತ್ತೇನೆ.

ಕಳೆದ ಬೇಸಿಗೆಯಲ್ಲಿ ರಘು ನಮ್ಮನ್ನೆಲ್ಲ ಕಾರಿನಲ್ಲಿ ಯೋಲ್‌ನ ಕಡಲತೀರಕ್ಕೆ ಕರೆದೊಯ್ದರು. ಹಲಗೆಯ ದಾರಿ ಮುಗಿದ ಮೇಲೆ ಮರಳು. ನನಗೂ ತಾಯಾಳಿಗೂ ಮರಳಿನಲ್ಲಿ ನಡೆಯುವುದು ಕಷ್ಟ. ಒಬ್ಬರ ತೋಳು ಒಬ್ಬರು ಹಿಡಿದು, ಯಾರು ಯಾರನ್ನು ಹಿಡಿದಿದ್ದಾರೆಂದು ತಿಳಿಯದಂತೆ, ಅಲೆ ಬಂದು ಹೋಗುವ ಜಾಗದವರೆಗೆ ಹೋಗಿ ಕೂತೆವು. ಶೂ ಬಿಚ್ಚಿದೆವು. ಅವಳು ಎಡಪಾದವನ್ನು ಎತ್ತಿಹಿಡಿಯುವ ಪಟ್ಟಿಯನ್ನೂ ಬಿಚ್ಚಿಟ್ಟಳು. ಚಿಕ್ಕವಳಿದ್ದಾಗ ಸ್ಪರ್ಧೆಗೆಂದು ಐದು ದೇಶದ ಕಡಲೂರುಗಳಿಗೆ ಹೋಗಿದ್ದೇನೆ, ಒಂದು ಸಲವೂ ನೀರಿನ ಹತ್ತಿರ ಬಿಡಲಿಲ್ಲ ಎಂದಳು.

ಇಶಾನಿ ಪ್ಯಾಂಟು ಮಡಚಿ ನೀರಿನಲ್ಲಿ ನಿಂತಿದ್ದಳು. "ಈಸ್ ಇಟ್ ಕೋಲ್ಡ್?" ಎಂದು ಕೂಗಿ ಕೇಳಿದಳು.

ಸಣ್ಣದೊಂದು ಅಲೆ ನಮ್ಮ ಕಾಲ ಮೇಲೆ ಬಂದು ಹೋಯಿತು. ನಾವಿಬ್ಬರೂ ನಮ್ಮ ನಮ್ಮ ಪಾದಗಳನ್ನು ಬಗ್ಗಿ ನೋಡಿದೆವು.

"ನನ್ನ ಬಲಗಾಲಿಗೆ ತಣ್ಣಗಿದೆ," ಎಂದಳು ತಾಯಾ. "ಎಡಗಾಲು ಏನೂ ಹೇ‍ಳ್ತಿಲ್ಲ. ನಿನ್ನದು?"

"ಇನ್ನೊಂದು ಬರಲಿ ಇರು," ಎಂದೆ.

ಇನ್ನೊಂದು ಬಂತು. ಮೊದಲಿಗಿಂತ ದೊಡ್ಡದು. ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು. ಬಲಪಾದದ ಹೊರಗಿನ ಅಂಚಿನಲ್ಲಿ, ಕಿರುಬೆರಳಿನಿಂದ ಹಿಂದಕ್ಕೆ, ಒಂದು ದಾರದಷ್ಟು ಸಣ್ಣಗೆ, ಚಳಿ.

"ಬಂತು," ಎಂದೆ. ಕನ್ನಡದಲ್ಲೇ ಅಂದೆ. ಯಾರೂ ಏನು ಬಂತೆಂದು ಕೇಳಲಿಲ್ಲ. ಮೂರನೆಯದಕ್ಕೆ ಕಾಲು ಇನ್ನಷ್ಟು ಮುಂದಕ್ಕೆ ಚಾಚಿ ಕೂತೆವು.